ಹುಳಕ್ಕೆ ಯಾರೂ ಅಳುವುದಿಲ್ಲ

ನನಗಿರುವುದು ಕ್ಯಾನ್ಸರ್ ಅಲ್ಲ ಎಂದು ಗೊತ್ತಾದ ದಿನ ನಮ್ಮ ಬಳಗದ ಕೆಲವರ ಮುಖ ಬಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಸಂತೋಷವಾಗಲಿಲ್ಲವೆಂದಲ್ಲ. ಆದರೆ ಸಂತೋಷಕ್ಕೆ ಮೊದಲು ಒಂದು ಗಳಿಗೆ, ಸೀರೆಯುಟ್ಟು ಮದುವೆಗೆ ಹೊರಟವರಿಗೆ ದಾರಿಯಲ್ಲಿ ಯಾರೋ ಸಿಕ್ಕು ಮದುವೆ ಮುಂದೆ ಹೋಯಿತೆಂದು ಹೇಳಿದರೆ ಆಗುತ್ತದಲ್ಲ, ಅಂಥ ಸಪ್ಪೆತನ ಅವರ ಮುಖದ ಮೇಲೆ ಹಾದುಹೋಯಿತು. ಕಾಯಿಲೆಯಿಂದ ಎದ್ದವರು ಬರೆಯುವಾಗ ಸಾಮಾನ್ಯವಾಗಿ ಎಲ್ಲರಿಗೂ ಕೃತಜ್ಞತೆ ಹೇಳುತ್ತಾರೆ. ನಾನು ಎರಡು ಮೂರು ಜನರಿಗೆ ಹೇಳುತ್ತೇನೆ. ಉಳಿದವರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಎಲ್ಲೋ ಹಾಸಿಗೆಯಲ್ಲಿ ಮಲಗಿ ಇಂಥವೇ ಮುಖಗಳನ್ನು ನೋಡುತ್ತಿರುವ ಯಾರಿಗಾದರೂ ತಾನೊಬ್ಬಳೇ ಅಲ್ಲ ಎನ್ನಿಸಿದರೆ ಸಾಕು.

ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳವು. ಬೇಲೆಕೇರಿ ನನ್ನ ತವರು. ಅಪ್ಪ ದೋಣಿ ನಡೆಸುತ್ತಿದ್ದರು, ಆಯಿ ಅಂಕೋಲೆ ಪೇಟೆಗೆ ಮೀನು ಹೊತ್ತು ಮಾರಿ ನನ್ನನ್ನು ಬಿ.ಕಾಂ. ಓದಿಸಿದಳು. ನಾನು ಅಣುಸ್ಥಾವರದ ಹತ್ತಿರವಿರುವ ಮಲ್ಲಾಪುರದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಗಂಡ ಮೋಹನ ಅಲ್ಲೇ ಪೇಟೆಯಲ್ಲಿ ಟಿವಿ, ಮಿಕ್ಸರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಮೋಹನರಿಗೆ ತಂದೆತಾಯಿ ಇಲ್ಲ. ಅಂಕೋಲೆಯಲ್ಲಿದ್ದ ಅಕ್ಕ ಲಲಿತಕ್ಕನೇ ಅವರಿಗೆ ಎಲ್ಲ. ತಮ್ಮ ಏನು ಉಣ್ಣಬೇಕು, ಅಂಗಡಿಗೆ ಯಾವ ಬಣ್ಣ ಬಳಿಸಬೇಕು, ನಾನು ಯಾವ ವಾರ ತವರಿಗೆ ಹೋಗಬೇಕು ಎಂಬುದೆಲ್ಲ ಫೋನಿನಲ್ಲಿ ಅಂಕೋಲೆಯಿಂದ ತೀರ್ಮಾನವಾಗಿ ಬರುತ್ತಿತ್ತು.

ಆ ಮಳೆಗಾಲ ಲಲಿತಕ್ಕ ಬೆಳಗಿನ ಟಿವಿಯಲ್ಲಿ ಯೋಗ ನೋಡಿ ಮೀನು ಬಿಟ್ಟಿದ್ದರು. ದೋಣಿಯವರ ಮಗಳು, ದೋಣಿಯವರ ಸೊಸೆ, ಐವತ್ತು ವರ್ಷ ಬಂಗಡೆ ತಿಂದ ಬಾಯಿಯಿಂದ ಮೀನು ತಾಮಸ ಆಹಾರ ಎಂದು ನಮಗೆ ಬೋಧಿಸತೊಡಗಿದರು. ಹಸಿ ಸೊಪ್ಪಿನಲ್ಲಿ ಸಕಲ ರೋಗಕ್ಕೂ ಮದ್ದಿದೆ ಎಂಬುದು ಹೊಸ ಪಾಠ. ಬಂದಾಗಲೆಲ್ಲ ಅವರ ಮನೆ ಹಿಂದಿನ ಗದ್ದೆಯ ಅಂಚಿನಿಂದ ಚೀಲ ತುಂಬ ಒಂದೆಲಗ ಕಿತ್ತು ತರುತ್ತಿದ್ದರು. "ದಿನಾ ಬೆಳಿಗ್ಗೆ ಹಸೀದೇ ಅರೆದು ಕುಡಿ. ನೆನಪಿನ ಶಕ್ತಿ ಬರ್ತದೆ, ಗರ್ಭಕೋಶಕ್ಕೂ ಒಳ್ಳೇದು" ಎನ್ನುತ್ತಿದ್ದರು. ಎರಡನೆಯ ಕಾರಣ ಹೇಳುವಾಗ ಧ್ವನಿ ತಗ್ಗಿಸುತ್ತಿದ್ದರು. ನಾನೂ ಕುಡಿದೆ. ನಂಬಿಕೆಯಿಂದಲ್ಲ, ವಾದ ಮಾಡುವುದಕ್ಕಿಂತ ಕುಡಿಯುವುದು ಸುಲಭವಾಗಿತ್ತು. ಚೀಲ ಖಾಲಿಯಾದಾಗ ನಾನೇ ನಮ್ಮ ಮನೆಯ ಕೆಳಗೆ ಹರಿಯುವ ತೋಡಿನ ಬದಿಯಿಂದ ಕಿತ್ತು ತಂದದ್ದೂ ಉಂಟು.

ಮಳೆ ಹೋದ ಮೇಲೆ ಸಂಜೆ ಜ್ವರ ಬರಲು ಶುರುವಾಯಿತು. ಬಲಪಕ್ಕೆಯ ಕೆಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂಥ ನೋವು. ಮೈಮೇಲೆ ದದ್ದು ಎದ್ದು ತುರಿಸುತ್ತಿತ್ತು, ಮಾಯವಾಗುತ್ತಿತ್ತು. ಅನ್ನ ಕಂಡರೆ ಬೇಸರ. ರವಿಕೆಗಳೆಲ್ಲ ಸಡಿಲವಾದವು. ಮಲ್ಲಾಪುರದ ಡಾಕ್ಟರು ಮೊದಲು ಮಲೇರಿಯಾ ಎಂದರು, ಆಮೇಲೆ ಟೈಫಾಯ್ಡ್ ಎಂದರು, ಕೊನೆಗೆ ಏನೂ ಅನ್ನದೆ ಕಾರವಾರಕ್ಕೆ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಚೀಟಿ ಕೊಟ್ಟರು. ಸ್ಕ್ಯಾನ್ ಮಾಡಿದ ಹುಡುಗಿ ಆವರೆಗೆ ನನ್ನೊಡನೆ ಶಾಲೆಯ ವಿಷಯ ಹರಟುತ್ತಿದ್ದವಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಹೊಟ್ಟೆಯ ಮೇಲಿನ ಜೆಲ್ ಒರೆಸಲು ನನಗೆ ಒಂದರ ಬದಲು ಮೂರು ಕಾಗದ ಕೊಟ್ಟಳು. ಆ ಹೆಚ್ಚುವರಿ ಕಾಗದ ಹಿಡಿದುಕೊಂಡಾಗ ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಅಲ್ಲಿಂದ ನಮ್ಮನ್ನು ಕಳಿಸಿದ್ದು ವಾರಕ್ಕೊಮ್ಮೆ ಹೊರಊರಿನಿಂದ ಕಾರವಾರಕ್ಕೆ ಬರುತ್ತಿದ್ದ ಒಬ್ಬ ತಜ್ಞರ ಬಳಿಗೆ. ಅವರ ಹೆಸರು ಇಲ್ಲಿ ಬೇಡ. ಹೆಸರು ಬರೆಯುವಷ್ಟು ಹೊತ್ತೂ ಅವರು ನನ್ನ ಮುಖ ನೋಡಿರಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಕಾದೆವು. ಕಾಯುವ ಕೋಣೆಯ ಗೋಡೆಯಲ್ಲಿ ಗುಂಡುಗುಂಡಾದ ಮಗುವಿನ ಚಿತ್ರ, ಮೂಲೆಯ ಟಿವಿಯಲ್ಲಿ ಕ್ರಿಕೆಟ್. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೂ ಹೊಟ್ಟೆದೇ?" ಎಂದು, ಹೌದೆಂದ ಕೂಡಲೇ ಸೆರಗು ಮೂಗಿಗೆ ಹಿಡಿದು ಒಂದು ಕುರ್ಚಿ ಆಚೆ ಸರಿದಳು. ಹೊಟ್ಟೆಯದೇ ರೋಗವಿದ್ದು ಅಲ್ಲಿಗೆ ಬಂದವಳು ಆಕೆ.

ಒಳಗೆ ಕರೆದಾಗ ತಜ್ಞರು ಹೆಗಲಿಗೂ ಕಿವಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಯಾರಿಗೋ ಕಾರಿನ ಟೈರಿನ ವಿಷಯ ಹೇಳುತ್ತಿದ್ದರು. ಹಾಗೆಯೇ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಟೈರಿನ ಮಾತು ಮುಗಿದ ಮೇಲೆ ನನ್ನನ್ನು ಹೊರಗೆ ಕೂರಲು ಹೇಳಿ ಮೋಹನರನ್ನು ಉಳಿಸಿಕೊಂಡರು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. "ಸೆಕೆಂಡರೀಸ್" ಎಂಬ ಶಬ್ದ ಕೇಳಿಸಿತು. ಶಾಲೆಯಲ್ಲಿ ಕೆಲಸ ಮಾಡುವವಳಲ್ಲವೇ, ನಾನು ಸೆಕೆಂಡರಿ ಸ್ಕೂಲು ಎಲ್ಲಿ ಓದಿದ್ದು ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಎಲ್ಲೋ ಹುಟ್ಟಿದ ಕ್ಯಾನ್ಸರ್ ಲಿವರಿಗೆ ಹರಡಿದೆ ಎಂಬುದಕ್ಕೆ ಆ ಶಬ್ದ ಎಂದು ಆಮೇಲೆ ತಿಳಿಯಿತು. ಎಲ್ಲಿ ಹುಟ್ಟಿದೆ ಎಂದು ಹುಡುಕುವ ಗೋಜಿಗೂ ಅವರು ಹೋಗಿರಲಿಲ್ಲ. ಮಂಗಳೂರಿಗೆ ಹೋಗಿ ಕಿಮೋ ಮಾಡಿಸಿ, ಮೂರು ನಾಲ್ಕು ತಿಂಗಳು ಸಿಗಬಹುದು, ಹೆಂಗಸರಿಗೆ ಹೇಳಬೇಡಿ, ಧೈರ್ಯ ಕಳೆದುಕೊಳ್ಳುತ್ತಾರೆ ಎಂದರಂತೆ.

ಮೋಹನ ಹೊರಗೆ ಬಂದು, "ಲಿವರಿಗೆ ಸ್ವಲ್ಪ ಬಾವು ಬಂದದೆ ಅಂತೆ" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಕೇಳದೆಯೇ ದ್ರಾಕ್ಷಿ ತಂದುಕೊಟ್ಟರು. ಹನ್ನೆರಡು ವರ್ಷದಲ್ಲಿ ಅವರು ನನಗೆ ದ್ರಾಕ್ಷಿ ತಂದದ್ದು ಅದೇ ಮೊದಲು. ಬಸ್ಸು ಕಾಳಿ ಹೊಳೆಯ ಪಕ್ಕದಲ್ಲಿ ಹೋಗುತ್ತಿರುವಾಗ ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತ, ನಾನು ಸಾಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೆಂಗಸರಿಗೆ ಹೇಳಬೇಡಿ ಎಂದ ವಿಷಯ ನಾವು ಮನೆ ಮುಟ್ಟುವ ಮೊದಲೇ ಅಂಕೋಲೆ ಮುಟ್ಟಿತ್ತು. ಮೋಹನ ಬಸ್‌ಸ್ಟ್ಯಾಂಡಿನ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿದ್ದರು. ಮರುದಿನದಿಂದ ಜನ ಬಂದರು. ಎಳನೀರು ತಂದರು, ಮೂಸಂಬಿ ತಂದರು, ಪ್ರಸಾದ ತಂದರು. ನನಗೆ ಗೊತ್ತಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ನನ್ನ ಮುಂದೆ ಬಾವಿನ ಮಾತು, ಅಡಿಗೆಮನೆಯಲ್ಲಿ ಕ್ಯಾನ್ಸರಿನ ಮಾತು. ನಮ್ಮ ಬಾಡಿಗೆ ಮನೆಯ ಗೋಡೆ ಎಷ್ಟು ದಪ್ಪ ಎಂದು ಯಾರೂ ಯೋಚಿಸಲಿಲ್ಲ.

ಗೋಡೆಯಾಚೆಯಿಂದ ಕೇಳಿದ್ದರಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ಪ್ರತಿಯೊಬ್ಬರೂ ತಾವು ಮೊದಲಿನಿಂದ ದ್ವೇಷಿಸುತ್ತಿದ್ದ ವಸ್ತುವನ್ನೇ ನನ್ನ ಕ್ಯಾನ್ಸರಿಗೆ ಕಾರಣ ಮಾಡಿದ್ದರು. ಲಾರಿಗಳ ಮೇಲೆ ಸಿಟ್ಟಿದ್ದವರಿಗೆ ತವರಿನ ಕೆಂಪು ಧೂಳು. ಅಣುಸ್ಥಾವರದ ಮೇಲೆ ಸಿಟ್ಟಿದ್ದವರಿಗೆ ವಿಕಿರಣ. ಅತ್ತೆ ಮಾವನ ಕಾಲದ ಹರಕೆ ತೀರಿಸಿಲ್ಲ ಎಂದು ಒಬ್ಬರು. ಲಲಿತಕ್ಕನಿಗೆ ಮೀನು. "ನಾನು ಹೇಳ್ತಾನೇ ಇದ್ದಿದ್ದೆ, ಮೀನು ಬಿಡೇ ಹೇಳಿ. ಕೇಳ್ಬೇಕಲ್ಲ?" ಎಂದು ಅಡಿಗೆಮನೆಯಲ್ಲಿ ಅತ್ತರು. ಅಳು ನಿಜವಾದದ್ದೇ. ಆದರೆ ಅದರೊಳಗೆ ಗೆದ್ದವರ ದನಿ ಇತ್ತು.

ಕಾರವಾರದಿಂದ ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡ ಒಬ್ಬ ಮನುಷ್ಯ ಬಂದು ನನ್ನ ಫೋಟೋ ಕೇಳಿದ. ಯಾವುದೋ ವಾರಪತ್ರಿಕೆಗಂತೆ.

"ನಾನು ಆ ಸ್ಥಾವರದ ಗೇಟೂ ದಾಟಿಲ್ಲ" ಎಂದೆ.

"ಇರ್ಲಿ ಬಾಯಿ, ಗಾಳಿ ಇದೆಯಲ್ಲ. ಸ್ವಲ್ಪ ಸುಸ್ತಾದ ಹಾಗೆ ಕೂತ್ಕಳಿ" ಎಂದ.

ನಿಜವಾಗಿಯೂ ಸುಸ್ತಾಗಿದ್ದವಳಿಗೆ ಸುಸ್ತಾದ ಹಾಗೆ ಕೂರಲು ಹೇಳಿದ ಆ ಮನುಷ್ಯನನ್ನು ನಾನು ಇವತ್ತಿಗೂ ಮರೆತಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಯಿ ಬೇಲೆಕೇರಿಯಿಂದ ಬಂದವಳು ಹಾಸಿಗೆಯ ಬದಿಗೆ ಕುಕ್ಕರಗಾಲಿನಲ್ಲಿ ಕೂತು ನನ್ನ ಪಾದ ಮುಟ್ಟಿ ನೋಡಿದಳು. ಲಲಿತಕ್ಕ ಅವಳನ್ನು ಅಡಿಗೆಮನೆಗೆ ಕರೆದು ಗುಟ್ಟು ಹೇಳಿದರು. ಮೀನಿನ ವಿಷಯವನ್ನೂ ಹೇಳಿರಬೇಕು. ಆಯಿಯ ಗಂಟಲು ಇಡೀ ಮನೆಗೆ ಕೇಳಿಸಿತು. "ಯಾರು ಹೇಳೀರು? ಹೊಟ್ಟೆ ಒಳಗೆ ಹೊಕ್ಕು ನೋಡೀರಾ ಅವರು? ಮೀನು ತಿಂದು ಸಾಯೂದಾದ್ರೆ ನಮ್ಮ ಕೇರಿಯಲ್ಲಿ ಒಂದು ಮುದುಕಿಯೂ ಇರ್ತಿರಲಿಲ್ಲ!" ಆಮೇಲೆ ಹೊರಗೆ ಬಂದು ನನಗೆ ನೇರವಾಗಿಯೇ ಹೇಳಿದಳು. "ಸುಜಾ, ಇವರೆಲ್ಲ ಕ್ಯಾನ್ಸರ್ ಹೇಳಿ ಹೇಳ್ತಾರೆ. ನಿಂಗೆ ಗೊತ್ತಿರ್ಲಿ. ಇನ್ನೂ ಯಾರೂ ಸರಿಯಾಗಿ ನೋಡಿಲ್ಲ."

ಹೇಳಿಬಿಟ್ಟಳಲ್ಲ ಎಂದು ಲಲಿತಕ್ಕ ಹಣೆ ಚಚ್ಚಿಕೊಂಡರು. ನಾನು ಆಯಿಯ ಕೈ ಹಿಡಿದುಕೊಂಡೆ. ಮೀನಿನ ವಾಸನೆಯ ಆ ಒರಟು ಕೈ ನನಗೆ ಆ ವಾರ ಸಿಕ್ಕಿದ ಮೊದಲ ಸಮಾಧಾನ.

ಮಂಗಳೂರಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕವರು ಡಾಕ್ಟರಮ್ಮ. ನಲವತ್ತರ ಆಸುಪಾಸು, ಗಿಡ್ಡ ಕೂದಲು, ಮಾತಿನಲ್ಲಿ ಸಿಹಿ ಕಡಿಮೆ. ಕಾರವಾರದ ತಜ್ಞರ ಚೀಟಿ ಓದಿ ಮೇಜಿನ ಮೇಲಿಟ್ಟು ಕೇಳಿದರು. "ಬಯಾಪ್ಸಿ ಎಲ್ಲಿ?"

ಮೋಹನ ಇಲ್ಲವೆಂದರು. "ಕಿಮೋ ಇವತ್ತೇ ಶುರು ಮಾಡಬಹುದು ಅಂದಿದ್ರು" ಎಂದರು.

"ಯಾವುದಕ್ಕೆ ಕಿಮೋ? ಹೆಸರು ಗೊತ್ತಾಗದೆ ನಾನು ಮದ್ದು ಕೊಡ್ಲಿಕ್ಕಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೆ ಇವರೆಲ್ಲ ಏನು ಹೇಳಿದ್ದಾರೆ?"

"ಬಾವು ಅಂತ ಹೇಳಿದಾರೆ. ಕ್ಯಾನ್ಸರ್ ಅಂತ ಗೊತ್ತು."

"ನನಗೆ ಇನ್ನೂ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?" ಎಂದರು. ಅಷ್ಟು ದಿನದಲ್ಲಿ ಡಾಕ್ಟರೊಬ್ಬರು ನನ್ನ ಕಣ್ಣು ನೋಡಿ ಆಡಿದ ಮೊದಲ ಮಾತು ಅದು. ಸಿಡುಕಿನ ಮಾತೇ. ಆದರೂ ನನಗೆ ಅಳು ಬಂತು.

ಪಕ್ಕೆಗೆ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದರು. ಉಸಿರು ಹಿಡಿಯಲು ಹೇಳಿ, ಟಪ್ ಎಂದು ಸದ್ದಾದದ್ದು ನನ್ನ ಹೊಟ್ಟೆಯೊಳಗೋ ಹೊರಗೋ ಎಂದು ತಿಳಿಯಲಿಲ್ಲ. ಅಷ್ಟು ಮಾಡಿಯೂ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಬೇರೇನೋ ಇತ್ತು. ಅಲರ್ಜಿಯಾದಾಗ, ಹೊಟ್ಟೆಯಲ್ಲಿ ಹುಳವಿದ್ದಾಗ ರಕ್ತದಲ್ಲಿ ಹೆಚ್ಚುವ ಒಂದು ಬಗೆಯ ಕಣ ಆ ಚೂರಿನ ತುಂಬ ಕಿಕ್ಕಿರಿದಿತ್ತಂತೆ. ರಕ್ತದಲ್ಲೂ ಅದು ಅಳತೆ ಮೀರಿತ್ತು. ಮಲ್ಲಾಪುರದಲ್ಲಿ, ಕಾರವಾರದಲ್ಲಿ ಮಾಡಿಸಿದ ರಕ್ತಪರೀಕ್ಷೆಗಳಲ್ಲೂ ಅದು ಇತ್ತು. ಯಾರೂ ಆ ಸಾಲಿಗೆ ಕಣ್ಣು ಹಾಕಿರಲಿಲ್ಲ. ಇನ್ನೊಂದು ಜಾಗದಿಂದ ಮತ್ತೆ ಚೂರು ತೆಗೆಯಬೇಕು, ಜ್ವರ ಇಳಿಯಲಿ, ಎರಡು ವಾರ ಬಿಟ್ಟು ಬನ್ನಿ ಎಂದರು.

ಅಂಕೋಲೆಯಲ್ಲಿ ರೈಲು ಇಳಿದಾಗ ಸ್ಟೇಷನ್ನಿಗೆ ಬಂದಿದ್ದ ಲಲಿತಕ್ಕನಿಗೆ ಮೋಹನ ಖುಷಿಯಿಂದ ಹೇಳಿದರು, "ಕ್ಯಾನ್ಸರ್ ಸಿಗಲಿಲ್ಲ ಅಕ್ಕಾ."

"ಸೂಜಿ ತಪ್ಪಿರ್ಬೇಕು" ಎಂದರು ಲಲಿತಕ್ಕ. "ಸುಮ್ನೆ ಆಸೆ ಇಟ್ಕಳ್ಬೇಡ್ವೋ ಮೋಹನಾ."

ಆ ಎರಡು ವಾರ ಕಾಯುವುದಿತ್ತಲ್ಲ, ಅದರ ಬಗ್ಗೆ ಹೇಳಲೇಬೇಕು. ಸಾವು ಖಚಿತ ಎಂದಾಗ ಮನಸ್ಸು ಒಂದು ಮೂಲೆ ಹಿಡಿದು ಕೂತಿತ್ತು. ಈಗ ಅದಕ್ಕೆ ಆ ಮೂಲೆಯೂ ಇಲ್ಲದಾಯಿತು. ಬೆಳಿಗ್ಗೆ ಏಳುವಾಗ ಬದುಕುತ್ತೇನೆ ಎನಿಸುತ್ತಿತ್ತು, ಸಂಜೆ ಜ್ವರ ಏರಿದಾಗ ಸೂಜಿ ತಪ್ಪಿದ್ದೇ ನಿಜ ಎನಿಸುತ್ತಿತ್ತು. ಆಯಿ ಬೇಲೆಕೇರಿಗೆ ಹೋಗಿ ಬಂದು ಮಾಡುತ್ತಿದ್ದಳು. ಅವಳಿಲ್ಲದ ಹೊತ್ತಿಗೆ ಅಡಿಗೆಗೆಂದು ಲಲಿತಕ್ಕ ಒಬ್ಬಳನ್ನು ಕರೆತಂದು ಬಿಟ್ಟರು. ಶೋಭಾ, ಮೂವತ್ತರೊಳಗಿನವಳು. ಹುಬ್ಬಳ್ಳಿಗೆ ಕೊಟ್ಟಿದ್ದರಂತೆ, ಕುಡುಕ ಗಂಡನನ್ನು ಬಿಟ್ಟು ಬಂದು ಅಂಕೋಲೆಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಲಲಿತಕ್ಕ ನನ್ನೆದುರೇ ಅವಳಿಗೆ ಮನೆ ತೋರಿಸಿದರು. ಅಕ್ಕಿಡಬ್ಬ ತೋರಿಸಿದರು, ಒಳ್ಳೆಯ ಪಾತ್ರೆಗಳಿದ್ದ ಕಪಾಟು ತೋರಿಸಿದರು, ಮೋಹನನಿಗೆ ಸಾರಿನಲ್ಲಿ ಹುಳಿ ಎಷ್ಟಿರಬೇಕು ಎಂದು ಹೇಳಿಕೊಟ್ಟರು. ಅಡಿಗೆಯವಳಿಗೆ ಇಷ್ಟೆಲ್ಲ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಶೋಭಾ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

"ಅಕ್ಕಾ, ಒಂದು ಮಾತು ಕೇಳೂದು. ಸಿಟ್ಟು ಮಾಡೂದಿಲ್ಲ ಅಲ್ಲ?"

"ಸಿಟ್ಟು ಮಾಡೂಕೂ ಶಕ್ತಿ ಇಲ್ಲ. ಕೇಳು."

"ನನ್ನ ಯೆಂತಕ್ಕೆ ಕರ್ಕಂಬಂದಾರೆ ಹೇಳಿ ಗೊತ್ತಿದ್ಯಾ ನಿಮಗೆ?"

"ಅಡಿಗೆಗೆ."

"ಅಡಿಗೆಗೆ ಆದ್ರೆ ನನ್ನ ಜಾತಕ ಯೆಂತಕ್ಕೆ ಇಸ್ಕಂಡ್ರು?"

ಎಣ್ಣೆಯ ಬೆರಳು ನಿಂತಿತ್ತು. ನಾನು ತಿರುಗಿ ಅವಳ ಮುಖ ನೋಡಿದೆ.

"ಲಲಿತಕ್ಕ ಹೇಳ್ರು, ಇನ್ನು ಸ್ವಲ್ಪ ದಿನ, ಆಮೇಲೆ ಮನೆ ನಿಂದೇ ಹೇಳಿ. ನಂಗೆ ಒಂದು ಗಂಡ ಸಾಕಾಗಿ ಬಿಟ್ಟು ಬಂದದ್ದು ಅಕ್ಕಾ. ಇನ್ನೊಂದು ಬೇಕು ಹೇಳಿ ನಾನು ಯಾರ ಹತ್ರಾನೂ ಕೇಳಲಿಲ್ಲ. ನಿಮ್ಮವರು ಒಳ್ಳೆಯವರೇ. ಆದ್ರೂ ನಂಗೆ ಬೇಡ."

ನನಗೆ ನಗು ಬಂತು. ಪಕ್ಕೆ ಹಿಡಿದುಕೊಂಡು ನಕ್ಕೆ. ನನ್ನ ಗಂಡನನ್ನು ಇಷ್ಟು ಸಲೀಸಾಗಿ ಬೇಡವೆಂದಳಲ್ಲ ಎಂದು ಒಳಗೊಳಗೇ ಸ್ವಲ್ಪ ಅವಮಾನವೂ ಆಯಿತು. ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ಆ ಮಾತಿನ ಅರ್ಥ ತಲೆಗಿಳಿಯಿತು. ನಾನು ಕೂತಿದ್ದ ಜಾಗವನ್ನು ನಾನು ಏಳುವ ಮೊದಲೇ ಒರೆಸುತ್ತಿದ್ದರು.

ಸಂಜೆ ಮೋಹನ ಅಂಗಡಿ ಮುಚ್ಚಿ ಬಂದಾಗ ಕೇಳಿದೆ. ಅವರು ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು.

"ಅಕ್ಕ ಹೇಳಿದ್ಲು. ನಾನು ಹೂಂ ಅನ್ನಲಿಲ್ಲ."

"ಬೇಡ ಅಂದ್ರಾ?"

ಮಿಕ್ಸರಿನಲ್ಲಿ ಯಾವ ತಂತಿ ಎಲ್ಲಿ ಸುಟ್ಟಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದ ಮನುಷ್ಯ ಒಂದು ಚಪ್ಪಲಿ ಕಾಲಲ್ಲಿಟ್ಟುಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅಳುತ್ತ ನಿಂತಿದ್ದರು. ಸಮಾಧಾನ ಮಾಡಬೇಕು ಎಂದು ನನಗೆ ಅನಿಸಲಿಲ್ಲ. ಸಾಯುತ್ತಿರುವವಳು ನಾನು, ಅಳುವ ಕೆಲಸ ಮಾತ್ರ ಯಾವಾಗಲೂ ಬೇರೆಯವರದು.

ಶೋಭಾಳನ್ನು ನಾನು ಕಳಿಸಲಿಲ್ಲ. ಆ ಮನೆಯಲ್ಲಿ ನಿಜ ಮಾತಾಡುತ್ತಿದ್ದದ್ದು ಆಯಿಯನ್ನು ಬಿಟ್ಟರೆ ಅವಳೊಬ್ಬಳೇ. ಲಲಿತಕ್ಕ ಫೋನ್ ಮಾಡಿದಾಗಲೆಲ್ಲ ಅವಳೇ ಎತ್ತಿ, "ಅಕ್ಕ ಇವತ್ತು ಎರಡು ತುತ್ತು ಜಾಸ್ತಿ ಉಂಡ್ರು" ಎಂದು ಬೇಕೆಂದೇ ಹೇಳುತ್ತಿದ್ದಳು. ಹೇಳಿ ನನ್ನ ಕಡೆ ನೋಡುತ್ತಿದ್ದಳು. ನಮಗಿಬ್ಬರಿಗೆ ಅಷ್ಟೇ ಮನರಂಜನೆ.

ಎರಡನೆಯ ಸಲ ಚೂರು ತೆಗೆದ ಮೇಲೆ ಡಾಕ್ಟರಮ್ಮ ಹಾಸಿಗೆಯ ಬಳಿಗೇ ಸ್ಟೂಲು ಎಳೆದುಕೊಂಡು ಕೂತರು. ಈ ಸಲವೂ ಕ್ಯಾನ್ಸರ್ ಇರಲಿಲ್ಲ. ಅಲ್ಲೇ ಮಾಡಿಸಿದ ಸಿಟಿ ಸ್ಕ್ಯಾನಿನಲ್ಲಿ ಕಂಡ ಕಲೆಗಳು ಗಂಟುಗಳ ಹಾಗಿಲ್ಲ, ಯಾವುದೋ ಕೊರೆದುಕೊಂಡು ಹೋದ ಹಾದಿಯ ಹಾಗಿವೆ ಎಂದರು. ಆಮೇಲೆ ತಿನ್ನುವುದರ ಬಗ್ಗೆ ಕೇಳಲು ಶುರು ಮಾಡಿದರು. ಮನೆಯಲ್ಲಿ ನಾಯಿ ಇದೆಯಾ? ಇಲ್ಲ. ಹಸಿ ಮಾಂಸ? ಇಲ್ಲ. ಮೀನು? ಬೇಯಿಸಿಯೇ, ದಿನವೂ. ಈ ಸಲ ನಮ್ಮ ಜೊತೆ ಬಂದು ಬಾಗಿಲ ಹತ್ತಿರ ನಿಂತಿದ್ದ ಲಲಿತಕ್ಕ, "ಅದೇ, ಆ ಮೀನೇ" ಎಂದರು. ಡಾಕ್ಟರಮ್ಮ ತಿರುಗಿಯೂ ನೋಡಲಿಲ್ಲ.

"ನೀರಿನ ಬದಿಯಲ್ಲಿ ಬೆಳೆಯುವ ಸೊಪ್ಪು ಎಂತದಾದ್ರೂ ಹಸಿ ತಿಂತೀರಾ?"

"ಒಂದೆಲಗ" ಎಂದೆ. "ಮಳೆಗಾಲ ಪೂರ್ತಿ. ದಿನಾ ಬೆಳಿಗ್ಗೆ ಅರೆದು."

"ಒಂದೆಲಗ ಅಂದ್ರೆ ನಮ್ಮ ತಿಮರೆಯಾ? ಎಲ್ಲಿಂದ ತರುದು? ಅಲ್ಲಿ ದನ ಎಮ್ಮೆ ಬರ್ತವಾ?"

ನಾನು ಲಲಿತಕ್ಕನ ಮುಖ ನೋಡಿದೆ. ಗದ್ದೆಯಂಚಿನಲ್ಲಿ ಎಮ್ಮೆಗಳು ದಿನವಿಡೀ ಬಿದ್ದುಕೊಂಡಿರುತ್ತಿದ್ದವು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ದನ ಎಮ್ಮೆಗಳ ಲಿವರಿನಲ್ಲಿ ಎಲೆಯಂಥ ಚಪ್ಪಟೆ ಹುಳ ಇರುತ್ತದಂತೆ. ಸಗಣಿಯಿಂದ ನೀರಿಗೆ, ನೀರಿನ ಬಸವನಹುಳುವಿಗೆ, ಅಲ್ಲಿಂದ ಸೊಪ್ಪಿನ ಎಲೆಗೆ ಅಂಟಿಕೊಳ್ಳುತ್ತದೆ. ಹಸಿ ಎಲೆ ತಿಂದ ಮನುಷ್ಯನ ಹೊಟ್ಟೆ ಸೇರಿದರೆ ಲಿವರನ್ನು ಕೊರೆಯುತ್ತ ಹೋಗುತ್ತದೆ. ನಮ್ಮ ಕಡೆ ಮನುಷ್ಯರಲ್ಲಿ ಬಹಳ ಅಪರೂಪ, ತಾನೂ ಪುಸ್ತಕದಲ್ಲಿ ಬಿಟ್ಟರೆ ನೋಡಿಲ್ಲ ಎಂದು ಅವರೇ ಒಪ್ಪಿಕೊಂಡರು. ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು. ಉತ್ತರ ಬಂದಾಗ ಅದೇ ಎಂದು ಖಚಿತವಾಯಿತು.

"ಹುಳ" ಎಂದರು ಮೋಹನ. ಆ ಶಬ್ದ ಅವರ ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಹೊರಳುತ್ತಿತ್ತು. "ಬರೀ ಹುಳ!"

ಲಲಿತಕ್ಕ ಮೊದಲು ಹೇಳಿದ್ದು, "ನಾನೂ ತಿಂದದ್ದೇ ಅಲ್ಲ, ನಂಗೇನೂ ಆಗಲಿಲ್ಲ." ಎರಡನೆಯದು, "ಶೀ." ಯಾವ ಎಲೆಯಲ್ಲಿ ಬಂತು ಎಂದು ಯಾರೂ ಹೇಳಲಾರರು. ಅವರ ಗದ್ದೆಯದೋ, ನಾನೇ ಕಿತ್ತ ತೋಡಿನ ಬದಿಯದೋ. ಅದನ್ನು ನಾನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕಪಾಟು ಬೇರೆಯವಳಿಗೆ ತೋರಿಸಿದ ಕೈ ಅದು, ಸ್ವಲ್ಪ ದಿನ ಸೊಪ್ಪು ಕೀಳಲು ಹೆದರಲಿ ಎಂದುಕೊಂಡೆ.

ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ಆ ಮಾತ್ರೆ ಮನುಷ್ಯರಿಗೆಂದು ನಮ್ಮಲ್ಲಿ ಮಾರಾಟಕ್ಕೇ ಇಲ್ಲವಂತೆ. ದನಗಳಿಗೆ ಬೇಕಾದರೆ ಇದೆ. ಹೊರದೇಶದಲ್ಲಿರುವ ತಮ್ಮ ಸಹಪಾಠಿಯಿಂದ ತರಿಸುತ್ತೇನೆ, ಅಲ್ಲಿಯವರೆಗೆ ದನದ ಮದ್ದು ಮುಟ್ಟಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಮೋಹನರಿಗೆ ತಡೆಯಲಾಗಲಿಲ್ಲ. ಇದೆಯೋ ಇಲ್ಲವೋ ನೋಡಿಯಾದರೂ ಬರುತ್ತೇನೆಂದು ಅಂಕೋಲೆಯ ದನದ ಔಷಧಿ ಅಂಗಡಿಗೆ ಹೋದರು.

"ಇದೆ. ಎಮ್ಮೆ ಎಷ್ಟು ತೂಕದ್ದು?" ಎಂದನಂತೆ ಅಂಗಡಿಯವ.

"ನಲವತ್ತೊಂದು ಕಿಲೋ" ಎಂದರಂತೆ ಇವರು.

"ಕರುವಾ?"

"ಹೆಂಡ್ತಿ."

ಅಂಗಡಿಯವ ಬಾಟಲಿಯನ್ನು ಮತ್ತೆ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದನಂತೆ. ಬಂದು ಹೇಳುವಾಗ ಮೋಹನರ ಮುಖ ಎಷ್ಟು ಗಂಭೀರವಾಗಿತ್ತೆಂದರೆ ಶೋಭಾ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಿಲಿಗೆ ಓಡಿದಳು.

ಮಾತ್ರೆ ಬರುವ ಹೊತ್ತಿಗೆ ನಾನು ಎದ್ದು ನಡೆಯಲು ಗೋಡೆ ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲೇ ಮಲಗಿಸಿ, ಊಟದ ಜೊತೆ ಕೊಟ್ಟರು. ಅಷ್ಟೆಲ್ಲ ಗೋಳಾಡಿಸಿದ ಕಾಯಿಲೆಗೆ ಒಂದೆರಡು ಸಲದ ಮಾತ್ರೆ. ನನಗೆ ಅದೂ ಒಂದು ಅವಮಾನದ ಹಾಗೆ ಕಂಡಿತು. ಆಮೇಲೆ ಪಕ್ಕೆಯಲ್ಲಿ ಹಿಂಡುವ ನೋವು ಬಂತು, ಹುಳ ಸಾಯುವಾಗ ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಆಯಿ ರಾತ್ರಿಯಿಡೀ ಪಕ್ಕದಲ್ಲಿ ಕೂತು ಬೆನ್ನು ನೀವಿದಳು. "ಬಂಗಡೆ ಹೊಟ್ಟೆಯಲ್ಲೂ ಹುಳ ಇರ್ತದೆ. ತೆಗೆದು ಬಿಸಾಕೂದು. ಅದಕ್ಕೆ ಇಷ್ಟೆಲ್ಲ ಯೆಂತಕ್ಕೆ?" ಎನ್ನುತ್ತಿದ್ದಳು. ವಾರ ಕಳೆಯುವುದರೊಳಗೆ ಒಂದು ಸಂಜೆ ಜ್ವರ ಬರಲಿಲ್ಲ. ಮರುದಿನವೂ ಬರಲಿಲ್ಲ. ನನಗೆ ಬಂಗಡೆಯ ಹುಳಿಗೊಜ್ಜು ಬೇಕು ಎನಿಸಿತು. ಬೇಕು ಎನಿಸಿದ್ದಕ್ಕೇ ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಎಳನೀರು ನಿಂತಿತು. ಕ್ಯಾನ್ಸರಿಗೆ ಒಂದು ಮರ್ಯಾದೆ ಇತ್ತು. ಹುಳಕ್ಕೆ ಇರಲಿಲ್ಲ. ಕ್ಯಾನ್ಸರ್ ಎಂದಾಗ ನನ್ನ ಹಾಸಿಗೆಯ ಮೇಲೇ ಕೂತು ಕೈ ಹಿಡಿದು ಅತ್ತವರು ಈಗ ಬಾಗಿಲಲ್ಲೇ ನಿಂತು, ಚಾ ಬೇಡ, ಈಗ ಕುಡಿದೇ ಬಂದೆ ಎನ್ನತೊಡಗಿದರು. ಶಾಲೆಯಲ್ಲಿ ನನ್ನ ಲೋಟವನ್ನು ಬೇರೆ ಇಟ್ಟಿದ್ದರು. ಇದು ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ ಎಂದು ವಿವರಿಸಿದರೆ ತಲೆಯಾಡಿಸಿ ದೂರವೇ ಕೂರುತ್ತಿದ್ದರು. ಬಟ್ಟೆಚೀಲದ ಮನುಷ್ಯ ಮತ್ತೆ ಬರಲಿಲ್ಲ. ಕಾರವಾರದ ತಜ್ಞರ ಬಳಿಗೆ ಮೋಹನ ವರದಿಗಳನ್ನು ಹಿಡಿದುಕೊಂಡು ಹೋಗಿ ತೋರಿಸಿದರು. "ಹಾಗೂ ಇರ್ತದೆ ಕೆಲವೊಮ್ಮೆ" ಎಂದು ಹೇಳಿ ಮುಂದಿನವರನ್ನು ಕರೆದರಂತೆ.

ಶೋಭಾ ಕಾರವಾರದಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಹಿಡಿದು ಬೇರೆ ಕೋಣೆ ಮಾಡಿದಳು. ಅವಳ ಜಾತಕವನ್ನು ಲಲಿತಕ್ಕನಿಂದ ನಾನೇ ಕೇಳಿ ಇಸಿದುಕೊಂಡು ಅವಳ ಕೈಗೆ ಕೊಟ್ಟೆ. ಜಾತಕ ಮರಳಿಸುವಾಗ ಲಲಿತಕ್ಕ, "ನಾನು ಮೋಹನನ ಒಳ್ಳೇದಕ್ಕೇ ಯೋಚನೆ ಮಾಡಿದ್ದು" ಎಂದರು. "ಗೊತ್ತು" ಎಂದೆ. ಅವರಿಗೆ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತಮ್ಮ ಒಂಟಿಯಾದರೆ ಹೇಗಿರುತ್ತಾನೆ ಎಂದು ಯೋಚಿಸಲು ಅವರಿಗೆ ಕಾರಣವಿತ್ತು. ಅಷ್ಟನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ಹೆಚ್ಚು ಒಪ್ಪಲಾರೆ.

ಇದನ್ನು ಓದುತ್ತಿರುವ ಯಾರಿಗಾದರೂ ಫಿಲ್ಮಿನಲ್ಲಿ ಕಲೆ ಕಂಡಿದ್ದರೆ, ಅದು ಹುಳವೇ ಇರಬಹುದು ಎಂದು ನಾನು ಹೇಳುವುದಿಲ್ಲ. ಹೆಚ್ಚಿನವರ ಪಾಲಿಗೆ ಅದು ಹುಳವಾಗಿರುವುದಿಲ್ಲ. ಮಂಗಳೂರಿನ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸಿನದು ಹುಳವಾಗಿರಲಿಲ್ಲ. ನಾನು ಬಿಡುಗಡೆಯಾಗಿ ಹೊರಡುವಾಗ ಆಕೆ ನನ್ನನ್ನು ನೋಡಿ ಮುಗುಳ್ನಕ್ಕರು. ಆ ನಗುವಿಗೆ ಏನು ಉತ್ತರ ಕೊಡಬೇಕೆಂದು ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ. ನಿಮ್ಮನ್ನು ಹೊರಗೆ ಕೂರಿಸಿ ನಿಮ್ಮ ಸಾವನ್ನು ಬೇರೆಯವರಿಗೆ ಹೇಳುವ ಡಾಕ್ಟರು ಸಿಕ್ಕರೆ ಕುರ್ಚಿ ಬಿಟ್ಟು ಏಳಬೇಡಿ.

ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಮಾಡಿಸಲು ಮಂಗಳೂರಿಗೆ ಹೋದೆವು. ಹಾದಿಗಳೆಲ್ಲ ಒಣಗಿ ಕಲೆ ಮಾತ್ರ ಉಳಿದಿತ್ತು. ಡಾಕ್ಟರಮ್ಮ, "ಇನ್ನು ನನ್ನ ಮುಖ ನೋಡ್ಲಿಕ್ಕೆ ಬರ್ಬೇಡಿ" ಎಂದರು. ಅವರ ಬಾಯಿಂದ ಬಂದದ್ದರಲ್ಲಿ ಅದೇ ಅತ್ಯಂತ ಸಿಹಿಯಾದ ಮಾತು.

ವಾಪಸು ಬರುವ ರೈಲಿನಲ್ಲಿ ಜನ ಕಡಿಮೆ ಇದ್ದರು. ಗಂಗಾವಳಿ ಸೇತುವೆ ದಾಟುವಾಗ, ವರ್ಷವಿಡೀ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿದೆ.

"ನಿಜ ಹೇಳ್ಬೇಕು. ನಾನು ಸತ್ತಿದ್ರೆ ಶೋಭಾನ ಮದುವೆ ಆಗ್ತಿದ್ರಾ?"

ಮೋಹನ ಕಿಟಕಿಯ ಹೊರಗೆ ನೋಡುತ್ತಿದ್ದರು. ಛೇ, ಎಂಥ ಮಾತು ಆಡ್ತೀಯೇ ಎನ್ನುತ್ತಾರೆ, ಆಣೆ ಮಾಡುತ್ತಾರೆ, ಕಣ್ಣೀರು ಹಾಕುತ್ತಾರೆ ಎಂದು ನಾನು ಕಾದಿದ್ದೆ. ಎಲ್ಲದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಅಕ್ಕ ಹಟ ಹಿಡಿದಿದ್ರೆ ಆಗ್ತಿದ್ದೆ ಕಾಣ್ತದೆ" ಎಂದರು. "ಶೋಭಾ ಬೇಡ ಅಂದ್ರೆ ಬೇರೆ ಯಾರನ್ನಾದ್ರೂ. ನಂಗೆ ಒಬ್ಬನೇ ಇರೂಕೆ ಬರೂದಿಲ್ಲ ಸುಜಾ. ಅನ್ನ ಮಾಡೂಕೂ ಬರೂದಿಲ್ಲ."

ಆ ವರ್ಷ ನನ್ನ ಒಳ್ಳೆಯದಕ್ಕೆಂದು ಎಷ್ಟು ಜನ ಎಷ್ಟು ಸುಳ್ಳು ಹೇಳಿದ್ದರೋ. ಈ ಮನುಷ್ಯನೂ ಬಸ್‌ಸ್ಟ್ಯಾಂಡಿನಲ್ಲಿ ದ್ರಾಕ್ಷಿಯ ಜೊತೆ ಒಂದು ಹೇಳಿದ್ದರು. ಈಗ ಹೇಳಿದ್ದು ನಿಜ. ಚೆನ್ನಾಗಿರಲಿಲ್ಲ, ಆದರೆ ನಿಜ. ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ.

"ಅನ್ನ ಮಾಡೂದು ನಾನು ಕಲಿಸ್ತೇನೆ" ಎಂದೆ. "ಒಬ್ರೇ ಇರೂದು ನೀವೇ ಕಲೀಬೇಕು."

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಅವರು ಅಕ್ಕಿ ತೊಳೆದು ಒಲೆಯ ಮೇಲಿಟ್ಟರು. ನೀರು ಹೆಚ್ಚಾಗಿ ಅದು ಗಂಜಿಯಾಯಿತು. ಇಬ್ಬರೂ ಅದನ್ನೇ ಉಂಡೆವು.